ದಿನಕ್ಕೆ ಐದು ಕಿಲೋಮೀಟರ್ ಕಸ

ಸಿಲ್ಕ್ ಬೋರ್ಡ್ ಕಡೆಯಿಂದ ಹೊಸೂರು ರಸ್ತೆಯ ಮೇಲ್ಸೇತುವೆ ಹತ್ತಿದರೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿಯುವ ತನಕ ಸುಮಾರು ಹತ್ತು ಕಿಲೋಮೀಟರ್. 2010ರಲ್ಲಿ ಸಂಚಾರಕ್ಕೆ ತೆರೆದ ಈ ಸೇತುವೆಯ ಮೇಲೆ ಬೆಂಗಳೂರಿನ ಒಂದು ದಿನದ ಕಸವನ್ನು ಲಾರಿಗಳಲ್ಲಿ ತುಂಬಿ ನಿಲ್ಲಿಸಿದರೆ ಎಷ್ಟಾದೀತು? ನಗರದಲ್ಲಿ ದಿನವೊಂದಕ್ಕೆ ಹುಟ್ಟುವ ಕಸ ಸುಮಾರು 5,000 ಟನ್. ಒತ್ತಿ ಒತ್ತಿ ತುಂಬಿಸಿಕೊಳ್ಳುವ ಕಾಂಪ್ಯಾಕ್ಟರ್ ಲಾರಿಯೊಂದು ಎಂಟು ಟನ್ ಹೊರುತ್ತದೆ ಎಂದು ಹಿಡಿದರೂ 625 ಲಾರಿ ಬೇಕು. ಒಂದೊಂದರ ಉದ್ದ ಎಂಟು ಮೀಟರ್. ಒಂದಕ್ಕೊಂದು ತಾಗಿಸಿ ನಿಲ್ಲಿಸಿದರೆ ಸಾಲಿನ ಉದ್ದ ಐದು ಕಿಲೋಮೀಟರ್. ಇವತ್ತು ಅರ್ಧ ಸೇತುವೆ ತುಂಬುತ್ತದೆ, ನಾಳೆ ಇಡೀ ಸೇತುವೆ. ನಾಡಿದ್ದಿನ ಕಸಕ್ಕೆ ಬೇರೆ ರಸ್ತೆ ಹುಡುಕಬೇಕು. ವರ್ಷವಿಡೀ ಹೀಗೇ ನಿಲ್ಲಿಸುತ್ತ ಹೋದರೆ ಸಾಲು 1,800 ಕಿಲೋಮೀಟರ್ ದಾಟುತ್ತದೆ. ಬೆಂಗಳೂರಿನಿಂದ ಬೀದರಿಗೆ ಹೋಗಿ, ವಾಪಸ್ ಬಂದು, ಮತ್ತೆ ಹೊರಟು ಹುಬ್ಬಳ್ಳಿ ಮುಟ್ಟುವಷ್ಟು ದೂರ.

ಇದು ಯಾರ ಕಸ? ನಗರದ ಜನಸಂಖ್ಯೆ ಸುಮಾರು 1.3 ಕೋಟಿ ಎಂದು ಇಟ್ಟುಕೊಂಡು ಭಾಗಿಸಿ ನೋಡಿ. ತಲೆಗೆ 400 ಗ್ರಾಮೂ ಬರುವುದಿಲ್ಲ. ಅದರಲ್ಲೂ ಹೋಟೆಲು, ಮಾರುಕಟ್ಟೆ, ಕಲ್ಯಾಣ ಮಂಟಪಗಳ ಪಾಲು ಸೇರಿದೆ. ಮನೆಯದನ್ನಷ್ಟೇ ತೂಗಿದರೆ ನಾಲ್ಕು ಜನರ ಸಂಸಾರಕ್ಕೆ ಒಂದು ಕಿಲೋ ಆಸುಪಾಸು. ಅಮೆರಿಕದಲ್ಲಿ ಒಬ್ಬೊಬ್ಬರಿಂದಲೇ ದಿನಕ್ಕೆ ಎರಡು ಕಿಲೋಗೂ ಹೆಚ್ಚು ಕಸ ಬರುತ್ತದೆ. ಆ ಲೆಕ್ಕದಲ್ಲಿ ನಾವು ಮಿತವ್ಯಯಿಗಳೇ. ನಮ್ಮ ಮನೆಯಿಂದ ಹೋಗುವುದು ಒಂದು ಕೈಚೀಲ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತರಕಾರಿ ಸಿಪ್ಪೆ, ಕಾಫಿ ಚರಟ, ಉಳಿದ ಅನ್ನ. ಅಷ್ಟು ಚಿಕ್ಕ ಚೀಲದಿಂದ ಅಷ್ಟು ದೊಡ್ಡ ಸಾಲು ಹುಟ್ಟುತ್ತದೆ ಎಂಬುದನ್ನು ಮನಸ್ಸು ಒಪ್ಪುವುದೇ ಕಷ್ಟ. ಆದರೆ ಗುಣಾಕಾರ ಸುಳ್ಳು ಹೇಳುವುದಿಲ್ಲ.

ವೈಟ್‌ಫೀಲ್ಡ್‌ನಲ್ಲಿ ಸಾವಿರ ಫ್ಲ್ಯಾಟ್‌ಗಳ ಅಪಾರ್ಟ್‌ಮೆಂಟ್ ಈಗ ಅಪರೂಪವಲ್ಲ. ಅಂಥ ಒಂದು ಕಾಂಪೌಂಡಿನೊಳಗೆ ದಿನಕ್ಕೆ ಒಂದು ಟನ್ ಕಸ, ವರ್ಷಕ್ಕೆ 365 ಟನ್, ಅಂದರೆ ಸುಮಾರು 46 ಕಾಂಪ್ಯಾಕ್ಟರ್. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಹುಟ್ಟಿಸುವವರನ್ನು ದೊಡ್ಡ ಪ್ರಮಾಣದ ಉತ್ಪಾದಕರೆಂದು ಗುರುತಿಸಿ ಹೊಣೆಯನ್ನು ಅವರ ಮೇಲೆಯೇ ಹೊರಿಸಿದವು. ನೂರು ಕಿಲೋ ಎಂದರೆ ದೊಡ್ಡ ಸಂಖ್ಯೆಯಂತೆ ಕೇಳಿಸುತ್ತದೆ. ನಮ್ಮ ಲೆಕ್ಕದಲ್ಲಿ ಅದು ನೂರು ಮನೆ, ಒಂದೇ ಟವರ್.

ಈ ಕಸವೆಲ್ಲ ಎಲ್ಲಿಗೆ ಹೋಯಿತು ಎನ್ನುವುದಕ್ಕೆ ಊರುಗಳ ಹೆಸರುಗಳಿವೆ. ಯಲಹಂಕದಾಚೆಯ ಮಾವಳ್ಳಿಪುರ ವರ್ಷಗಟ್ಟಲೆ ನಗರದ ಕಸ ಹೊತ್ತಿತು. ಅಂತರ್ಜಲ ಕೆಟ್ಟು, ಜನ ರಸ್ತೆಗಿಳಿದು, 2012ರಲ್ಲಿ ಅಲ್ಲಿನ ಕಸದ ತಾಣ ಮುಚ್ಚಿತು. ಆ ವರ್ಷ ನಗರದ ಬೀದಿ ಬೀದಿಯಲ್ಲಿ ಕಸದ ಗುಡ್ಡೆ ನಿಂತದ್ದು ಹಲವರಿಗೆ ನೆನಪಿರಬೇಕು. ಹೊರೆ ಮಂಡೂರಿಗೆ ಹೋಯಿತು. ಮಂಡೂರು ಎಲ್ಲೋ ದೂರದ ಊರಲ್ಲ. ಹಳೇ ಮದ್ರಾಸ್ ರಸ್ತೆ ಹಿಡಿದು ಹೊರಟರೆ ವೈಟ್‌ಫೀಲ್ಡ್‌ನ ಗಾಜಿನ ಕಟ್ಟಡಗಳಿಂದ ಅರ್ಧ ಮುಕ್ಕಾಲು ಗಂಟೆಯ ದಾರಿ. 2014ರ ಜೂನ್‌ನಲ್ಲಿ ಮಂಡೂರಿನ ಜನ ಲಾರಿಗಳಿಗೆ ಅಡ್ಡ ನಿಂತರು, ಕಸ ಪೊಲೀಸ್ ಕಾವಲಿನಲ್ಲಿ ಊರೊಳಗೆ ಬಂತು. ಕೊನೆಗೆ ಸರ್ಕಾರ ಗಡುವು ಕೊಟ್ಟು ಆ ವರ್ಷದ ಡಿಸೆಂಬರ್ 1ರಿಂದ ಲಾರಿಗಳನ್ನು ನಿಲ್ಲಿಸಿತು. ದೊಡ್ಡಬಳ್ಳಾಪುರ ತಾಲೂಕಿನ ಗುಂಡ್ಲಹಳ್ಳಿ, ಚಿಗರೇನಹಳ್ಳಿಗಳ ಕತೆಯೂ ಇದೇ. ಬಾಗಲೂರು ಕಡೆಯ ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಯಲ್ಲೂ ಕಸ ತುಂಬಿತು. ಈ ಊರುಗಳ ಸ್ವಂತ ಕಸ ಎಷ್ಟಿದ್ದೀತು? ಒಂದು ಟ್ರ್ಯಾಕ್ಟರ್‌ಗೂ ಸಾಲದು. ಒಂದು ಹಳ್ಳಿ ತಾನು ತಿನ್ನದ ಊಟದ ಎಂಜಲನ್ನು ಸಾವಿರ ಪಟ್ಟು ಹೊರಬೇಕಾಗಿ ಬಂದದ್ದು ಯಾವ ನ್ಯಾಯಕ್ಕೂ ಸಲ್ಲದ ಮಾತು. ಇದನ್ನು ಮೆತ್ತಗೆ ಹೇಳುವ ಅಗತ್ಯ ನನಗೆ ಕಾಣುತ್ತಿಲ್ಲ.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿದಾಗ ನಗರದ ವಿಸ್ತೀರ್ಣ ಸುಮಾರು 226 ಚದರ ಕಿಲೋಮೀಟರಿನಿಂದ 700 ದಾಟಿತು. ವೈಟ್‌ಫೀಲ್ಡ್ ಇದ್ದ ಮಹದೇವಪುರ, ಪೀಣ್ಯ ಇದ್ದ ದಾಸರಹಳ್ಳಿ ಆ ಏಳು ನಗರಸಭೆಗಳಲ್ಲಿದ್ದವು. ವರ್ತೂರು, ಹಗದೂರು, ದೊಡ್ಡತೋಗೂರು, ಕೋನಪ್ಪನ ಅಗ್ರಹಾರ, ಇವೆಲ್ಲ ಒಂದು ಕಾಲದಲ್ಲಿ ರಾಗಿ ಹೊಲಗಳ ಊರುಗಳಾಗಿದ್ದವು. ಅಲ್ಲಿ ಮನೆಗೊಂದು ತಿಪ್ಪೆ ಇತ್ತು. ಕಲಗಚ್ಚು ಹಸುವಿಗೆ, ಸಿಪ್ಪೆ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಯುಗಾದಿಯ ಆಸುಪಾಸಿನಲ್ಲಿ ಗಾಡಿ ಹತ್ತಿ ಹೊಲಕ್ಕೆ. ಕಸ ಎಂದು ಎಸೆಯಲು ಏನೂ ಉಳಿಯುತ್ತಿರಲಿಲ್ಲ. ಹೊಲ ಲೇಔಟ್ ಆದಾಗ ತಿಪ್ಪೆ ಹೋಯಿತು, ಅದರ ಕೆಲಸ ಮಾಡುವ ಇನ್ನೊಂದು ವ್ಯವಸ್ಥೆ ಬರಲಿಲ್ಲ. ಹೊರವಲಯದ ಕಸದ ಸಮಸ್ಯೆಯ ಬುಡ ಇಲ್ಲಿದೆ ಎಂದು ನಾನು ನಂಬಿದ್ದೇನೆ.

ಇನ್ನೊಂದು ಲೆಕ್ಕ ಇದಕ್ಕಿಂತ ಬೆರಗಿನದು. ನಗರದ ಕಸದಲ್ಲಿ ಹಸಿ ಕಸ ಸುಮಾರು ಶೇ 60, ಅಂದರೆ 3,000 ಟನ್. ಹಸಿ ಕಸದ ತೂಕದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬರೀ ನೀರು. ಹಾಗಾದರೆ ನಾವು ದಿನವೂ ಊರಾಚೆ ಸಾಗಿಸುತ್ತಿರುವುದರಲ್ಲಿ ಸುಮಾರು 2,100 ಟನ್ ನೀರೇ. 21 ಲಕ್ಷ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್‌ಗಳಾದರೆ 350. 2024ರ ಬೇಸಿಗೆಯಲ್ಲಿ ವೈಟ್‌ಫೀಲ್ಡ್ ಸುತ್ತಮುತ್ತ ಬೋರ್‌ವೆಲ್ ಬತ್ತಿ ಅಪಾರ್ಟ್‌ಮೆಂಟುಗಳು ಟ್ಯಾಂಕರ್‌ಗೆ ಕಾದು ಕೂತಿದ್ದವು. ಆ ದಿನಗಳಲ್ಲೂ, ಸೋರೆ, ಸೌತೆ, ಕಲ್ಲಂಗಡಿ ಸಿಪ್ಪೆಯ ರೂಪದಲ್ಲಿ, 350 ಟ್ಯಾಂಕರ್ ನೀರಿಗೆ ಡೀಸೆಲ್ ಸುಟ್ಟು ನಾವು ಹೊರಗೆ ಕಳಿಸುತ್ತಿದ್ದೆವು.

ಈ ನೀರೇ ಮುಂದಿನ ಎಲ್ಲ ತೊಂದರೆಗೆ ಮೂಲ. ಗುಡ್ಡೆ ಹಾಕಿದರೆ ಕೆಳಗಿಳಿದು ಕಪ್ಪು ರಸವಾಗಿ ಕೆರೆ, ಬಾವಿ ಸೇರುತ್ತದೆ. ಗಾಳಿಯಾಡದ ಆಳದಲ್ಲಿ ಒದ್ದೆ ಕಸ ಕೊಳೆತರೆ ಮೀಥೇನ್ ಹೊರಡುತ್ತದೆ, ಅದು ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಭೂಮಿಯನ್ನು ಕಾಯಿಸುವ ಅನಿಲ. ಸುಟ್ಟುಬಿಡೋಣ ಎಂದರೆ ನೀರು ಉರಿಯುವುದಿಲ್ಲ. ಬಿಡದಿಯಲ್ಲಿ ಕಸದಿಂದ ವಿದ್ಯುತ್ ತೆಗೆಯುವ ಘಟಕ ಕಟ್ಟಿದ್ದಾರೆ, ದಿನಕ್ಕೆ 600 ಟನ್ ಕಸ, 11.5 ಮೆಗಾವಾಟ್. ಅದು ಇಡೀ ದಿನ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ಸುಮಾರು 2 ಲಕ್ಷ 76 ಸಾವಿರ ಯೂನಿಟ್ ಕೊಡುತ್ತದೆ. ನಗರದ ಹಸಿ ಕಸದೊಳಗಿನ 21 ಲಕ್ಷ ಲೀಟರ್ ನೀರನ್ನು ಕುದಿಸಿ ಆವಿ ಮಾಡಲು ಬೇಕಾಗುವ ಶಾಖ ಎಷ್ಟು ಗೊತ್ತೆ? ಹದಿನೈದು ಲಕ್ಷ ಯೂನಿಟ್. ಆ ಘಟಕ ಕೊಡುವುದರ ಐದು ಪಟ್ಟಿಗೂ ಮಿಗಿಲು! ಮರುಬಳಕೆಗೆ ಬಾರದ ಒಣ ಕಸಕ್ಕೆ ಬೆಂಕಿ ಒಂದು ದಾರಿಯಾದೀತು. ಬಾಳೆಹಣ್ಣಿನ ಸಿಪ್ಪೆಗೆ ಅದು ದಾರಿಯೇ ಅಲ್ಲ.

ಹಸಿ ಕಸಕ್ಕೆ ಸರಿಯಾದ ದಾರಿಯನ್ನು ಈ ಊರೇ ಜಗತ್ತಿಗೆ ಕಲಿಸಿದೆ, ಮತ್ತು ಇದನ್ನು ಬೆಂಗಳೂರಿನ ಮಕ್ಕಳಿಗೆ ನಾವು ಹೇಳಿಕೊಟ್ಟಿಲ್ಲ. 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು ಪಟ್ಟಣದ ಕಸವನ್ನು ಗೊಬ್ಬರ ಮಾಡುವ ಒಂದು ವಿಧಾನ ರೂಪಿಸಿದರು. ಸುಮಾರು ಒಂದು ಮೀಟರ್ ಆಳದ ಕಂದಕ ತೋಡಿ, ಕಸ ಮತ್ತು ಮಲವನ್ನು ಪದರ ಪದರವಾಗಿ ಹಾಸಿ, ಮೇಲೆ ಗೇಣು ದಪ್ಪ ಕಸದಿಂದ ಮುಚ್ಚಿ, ಕಲಕದೆ ಬಿಡುವುದು. ಆರೆಂಟು ತಿಂಗಳಿಗೆ ಗೊಬ್ಬರ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಪ್ರಕಟಣೆಗಳಲ್ಲಿ, ಜಗತ್ತಿನ ಕೃಷಿ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಇವತ್ತಿಗೂ ‘ಬೆಂಗಳೂರು ವಿಧಾನ’ ಎಂದೇ ಹೆಸರು. ಸಾಫ್ಟ್‌ವೇರ್‌ಗಿಂತ ಮೊದಲೇ ಬೆಂಗಳೂರು ಎಂಬ ಹೆಸರು ಹೊರದೇಶದ ತರಗತಿಗಳಿಗೆ ಹೋದದ್ದು ಕಸದ ಗೊಬ್ಬರದ ಮೂಲಕ. ಎಲೆಕ್ಟ್ರಾನಿಕ್ ಸಿಟಿ 1978ರಲ್ಲಿ ಆರಂಭವಾಯಿತು. ಅದಕ್ಕೆ ಮೂರು ವರ್ಷ ಮುಂಚೆ, 1975ರಲ್ಲೇ, ಅದೇ ದಿಕ್ಕಿನ ಕೂಡ್ಲು ಬಳಿ ನೆಲೆಯೂರಿದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತ್ತು. ಈಗ ಅದರ ಸುತ್ತ ಮನೆಗಳು ಮುತ್ತಿಕೊಂಡಿವೆ, ವಾಸನೆಯ ದೂರುಗಳೂ ಮುತ್ತಿಕೊಂಡಿವೆ. ದೂರು ಸುಳ್ಳಲ್ಲ. ಆದರೆ ಬೇರ್ಪಡಿಸದ ಕಸ ಬಂದು ಬಿದ್ದರೆ ಯಾವ ಗೊಬ್ಬರದ ಘಟಕವೂ ನಾರದೆ ಇರಲಾರದು. ಪೀಣ್ಯದ ಮಗ್ಗುಲಿನ ದೊಡ್ಡಬಿದರಕಲ್ಲು, ಎಲೆಕ್ಟ್ರಾನಿಕ್ ಸಿಟಿಯ ಮಗ್ಗುಲಿನ ಚಿಕ್ಕನಾಗಮಂಗಲದ ಘಟಕಗಳ ವಿರುದ್ಧ ಎದ್ದ ಕೂಗಿನ ಹಿಂದೆಯೂ ಇದೇ ಇದೆ.

ಮನೆಯಲ್ಲಿ ಮಾಡಿದರೆ ಹೇಗಿರುತ್ತದೆ? ತಳದಲ್ಲಿ ತೂತಿರುವ ಮಣ್ಣಿನ ಮಡಕೆ ಅಥವಾ ಡ್ರಮ್ಮು, ಒಣ ಎಲೆ ಇಲ್ಲವೇ ತೆಂಗಿನ ನಾರಿನ ಪುಡಿ, ಶುರುವಿಗೆ ಒಂದಿಷ್ಟು ಹುಳಿ ಮಜ್ಜಿಗೆ ಅಥವಾ ಹಳೆಯ ಗೊಬ್ಬರ. ಇದಿಷ್ಟೇ ಸಾಮಗ್ರಿ. ತರಕಾರಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಎರಡೂ ಸೇರಿ ಒಂದು ಪಾಲು ಸಾರಜನಕಕ್ಕೆ ಸುಮಾರು ಮೂವತ್ತು ಪಾಲು ಇಂಗಾಲವಾದರೆ ಸೂಕ್ಷ್ಮಜೀವಿಗಳಿಗೆ ಹದವಾದ ಊಟ. ವಾಸನೆ ಬಂದರೆ ಎಲೆ ಕಡಿಮೆಯಾಗಿದೆ ಎಂದೇ ಅರ್ಥ. ಒಂದು ಹಿಡಿ ಹಾಕಿ, ಕೆದಕಿ, ಮುಚ್ಚಿದರೆ ಒಂದೆರಡು ದಿನದಲ್ಲಿ ಹೋಗುತ್ತದೆ. ಒಂದು ಗ್ರಾಂ ಗೊಬ್ಬರದಲ್ಲಿ ನೂರು ಕೋಟಿಯಷ್ಟು ಬ್ಯಾಕ್ಟೀರಿಯಾ ಇರಬಲ್ಲವು. ಹತ್ತು ಗ್ರಾಂ ಅಂಗೈಗೆ ಹಾಕಿಕೊಂಡರೆ ಭೂಮಿಯ ಮೇಲಿರುವ ಮನುಷ್ಯರ ಸಂಖ್ಯೆಯನ್ನೂ ಮೀರಿದ ಕೆಲಸಗಾರರು ನಿಮ್ಮ ಕೈಯಲ್ಲಿದ್ದಾರೆ. ದೊಡ್ಡ ರಾಶಿಯಾದರೆ ಅವು ಉಂಡು ಹೊರಬಿಡುವ ಶಾಖವೇ 55ರಿಂದ 65 ಡಿಗ್ರಿ ಮುಟ್ಟಿ ರೋಗಾಣುಗಳನ್ನೂ ಕಳೆಬೀಜಗಳನ್ನೂ ಕೊಲ್ಲುತ್ತದೆ. ಸಂಬಳವಿಲ್ಲ, ರಜೆಯಿಲ್ಲ, ವಿದ್ಯುತ್ ಬೇಕಿಲ್ಲ. ನಾಲ್ವರ ಮನೆಯ ವರ್ಷದ 220 ಕಿಲೋ ಹಸಿ ಕಸ ಕೊನೆಗೆ 40 ಕಿಲೋ ಆಸುಪಾಸಿನ ಗೊಬ್ಬರವಾಗಿ ಕುಗ್ಗುತ್ತದೆ. ಉಳಿದದ್ದು ಅನಿಲವಾಗಿ, ಆವಿಯಾಗಿ ಗಾಳಿಗೆ ಹೋಗುತ್ತದೆ.

ಬೆಂಗಳೂರಿನ ಪೂನಂ ಬೀರ್ ಕಸ್ತೂರಿ 2006ರಲ್ಲಿ ಆರಂಭಿಸಿದ ಡೈಲಿ ಡಂಪ್‌ನ ‘ಕಂಬ’ ಎಂಬ ಮಣ್ಣಿನ ಗೊಬ್ಬರದ ಮಡಕೆಗಳು, ಎಚ್‌ಎಸ್‌ಆರ್ ಲೇಔಟ್‌ನ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಸಾಲಾಗಿ ಇಟ್ಟಿರುವ ಬಗೆಬಗೆಯ ಗೊಬ್ಬರದ ಡ್ರಮ್ಮುಗಳು, ಇವನ್ನು ಒಮ್ಮೆ ನೋಡಿದವರಿಗೆ ಇದು ಆಗದ ಕೆಲಸ ಎಂದು ಹೇಳಲು ಬಾಯಿ ಬರುವುದಿಲ್ಲ.

ದೊಡ್ಡ ಅಪಾರ್ಟ್‌ಮೆಂಟಿಗೆ ಇನ್ನೊಂದು ದಾರಿಯೂ ಇದೆ, ಜೈವಿಕ ಅನಿಲ. ಒಂದು ಟನ್ ಆಹಾರ ತ್ಯಾಜ್ಯದಿಂದ ಸುಮಾರು ನೂರು ಘನ ಮೀಟರ್ ಅನಿಲ ಸಿಗುತ್ತದೆ, ಅದು ಮೂರು ಅಡುಗೆ ಸಿಲಿಂಡರಿಗೆ ಸಮ. ಸಾವಿರ ಮನೆಗಳ ಕಾಂಪೌಂಡ್ ದಿನಕ್ಕೆ ಹತ್ತಿರ ಹತ್ತಿರ ಎರಡು ಸಿಲಿಂಡರ್ ಎಸೆಯುತ್ತಿದೆ ಎಂದಾಯಿತು. ಇಡೀ ನಗರ? ದಿನಕ್ಕೆ 9,000 ಸಿಲಿಂಡರ್.

ಒಣ ಕಸದಲ್ಲಿ ಒಂದೇ ಒಂದು ವಸ್ತು ತೆಗೆದುಕೊಳ್ಳುತ್ತೇನೆ. ಬೆಂಗಳೂರು ಹಾಲು ಒಕ್ಕೂಟ ದಿನಕ್ಕೆ ಮಾರುವ ನಂದಿನಿ ಹಾಲು ಹತ್ತು ಲಕ್ಷ ಲೀಟರಿಗೆ ಕಡಿಮೆಯಿಲ್ಲ. ಅರ್ಧ ಲೀಟರಿನ ಲೆಕ್ಕ ಹಿಡಿದರೆ 20 ಲಕ್ಷ ಪ್ಯಾಕೆಟ್. ಪ್ಯಾಕೆಟ್ ತೊಳೆದು ಒಣಗಿಸಿ ಕೊಟ್ಟರೆ ಗುಜರಿಯವರಿಗೂ ಬೆಲೆಯುಳ್ಳ ಒಳ್ಳೆಯ ಪ್ಲಾಸ್ಟಿಕ್. ಆದರೆ ಹಾಲು ಸುರಿಯುವಾಗ ಕತ್ತರಿಸಿ ಬಿಸಾಡುವ ಆ ಮೂಲೆ? ಒಂದು ಸೆಂಟಿಮೀಟರಿನ ಆ ಚೂರು ಸಿಂಕಿಗೋ ಹಸಿ ಕಸಕ್ಕೋ ಬೀಳುತ್ತದೆ, ಅದನ್ನು ಹೆಕ್ಕುವುದು ಯಾರಿಂದಲೂ ಆಗದು. 20 ಲಕ್ಷ ಚೂರುಗಳನ್ನು ಸಾಲಾಗಿ ಜೋಡಿಸಿದರೆ 20 ಕಿಲೋಮೀಟರ್, ವಿಧಾನಸೌಧದಿಂದ ವೈಟ್‌ಫೀಲ್ಡ್‌ಗೆ ಇರುವ ದೂರ. ಅದು ಒಂದೇ ಬೆಳಗ್ಗೆಯ ಲೆಕ್ಕ. ಪರಿಹಾರ ಇಷ್ಟೇ: ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಪ್ಯಾಕೆಟಿಗೆ ಅಂಟಿಕೊಂಡೇ ಇರಲಿ.

ಮಗುವಿನ ಡೈಪರ್ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಂಥ ಐಟಿ ವಲಯವೆಂದರೆ ಎಳೆಯ ದಂಪತಿಗಳ ವಲಯ. ದಿನಕ್ಕೆ ನಾಲ್ಕರಂತೆ ಎರಡು ವರ್ಷಕ್ಕೆ 2,900 ದಾಟುತ್ತದೆ. ಬಳಸಿದ ಒಂದಕ್ಕೆ 170 ಗ್ರಾಂ ಎಂದರೂ ಒಟ್ಟು ಐನೂರು ಕಿಲೋ. ಹನ್ನೆರಡು ಕಿಲೋ ತೂಗುವ ಹೊತ್ತಿಗೆ ಮಗು ಅರ್ಧ ಟನ್ ಕಸ ಬಿಟ್ಟಿರುತ್ತದೆ, ಮತ್ತು ಅದು ಗೊಬ್ಬರಕ್ಕೂ ಬಾರದು, ಮರುಬಳಕೆಗೂ ಬಾರದು. ಹಗಲು ಹೊತ್ತಿನಲ್ಲಾದರೂ ಅಜ್ಜಿ ಹೊಲಿದುಕೊಡುತ್ತಿದ್ದ ಹತ್ತಿ ಬಟ್ಟೆಗೆ ಮರಳಿದರೆ ಆ ಅರ್ಧ ಟನ್ ಕಾಲು ಟನ್ನಿಗೆ ಇಳಿಯುತ್ತದೆ.

ಇಷ್ಟೆಲ್ಲ ಮಾಡಲು ಮನೆಯಲ್ಲೇ ಯಾಕೆ ಬೇರ್ಪಡಿಸಬೇಕು, ಪಾಲಿಕೆ ಮಾಡಲಿ ಎನ್ನುವವರಿದ್ದಾರೆ. ಕಸದ ಆಟೋದ ಬೆಳಗ್ಗೆಯನ್ನು ಲೆಕ್ಕ ಹಾಕಿ. ಒಂದು ಆಟೋ ಟಿಪ್ಪರ್‌ಗೆ ಸುಮಾರು 750 ಮನೆ. ಐದು ಗಂಟೆಯ ಕೆಲಸ ಎಂದರೆ 18,000 ಸೆಕೆಂಡು. ಮನೆಗೆ 24 ಸೆಕೆಂಡು. ಆ 24 ಸೆಕೆಂಡಿನಲ್ಲಿ ಆಟೋ ನಿಲ್ಲಬೇಕು, ಬಕೆಟ್ ಈಸಿಕೊಳ್ಳಬೇಕು, ಸುರಿಯಬೇಕು, ಮುಂದೆ ಹೋಗಬೇಕು. ಸಾರು ಸುರಿದ ಪೇಪರಿನಿಂದ ಒಡೆದ ಗಾಜನ್ನು ಬರಿಗೈಯಲ್ಲಿ ಆರಿಸಿ ಎಂದು ಆ ಮನುಷ್ಯನಿಗೆ ಹೇಳುವ ಹಕ್ಕು ನಮಗಿಲ್ಲ. ಅಡುಗೆಮನೆಯಲ್ಲಾದರೆ ಇದಕ್ಕೆ ಹೆಚ್ಚಿನ ಸಮಯವೇ ಬೇಡ. ಕೈ ಎಡಕ್ಕೆ ಹೋಗಬೇಕೋ ಬಲಕ್ಕೋ ಎಂಬಷ್ಟೇ ವ್ಯತ್ಯಾಸ. ಕರ್ನಾಟಕ ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು. ಹಸಿಗೆ ಹಸಿರು, ಡೈಪರ್, ಪ್ಯಾಡ್‌ನಂಥದ್ದಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ಚೀಲ ಶುದ್ಧವಾಗಿ ಬಂದರೆ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರದಲ್ಲಿ ಅದನ್ನು ವಿಂಗಡಿಸಿ ಬದುಕುವವರಿಗೆ ಅನ್ನ. ಹಸಿರು ದಳದಂಥ ಸಂಘಟನೆಗಳ ಶ್ರಮದಿಂದ ಚಿಂದಿ ಆಯುತ್ತಿದ್ದವರ ಕೈಗೆ ಪಾಲಿಕೆಯ ಗುರುತಿನ ಚೀಟಿ ಬಂದಿದೆ, ಕೆಲವರು ಆ ಕೇಂದ್ರಗಳನ್ನು ತಾವೇ ನಡೆಸುತ್ತಿದ್ದಾರೆ. ಅವರ ದಿನದ ಗಳಿಕೆ ನಮ್ಮ ಚೀಲ ಒಣಗಿದೆಯೋ ತೊಯ್ದಿದೆಯೋ ಎಂಬುದರ ಮೇಲೆ ನಿಂತಿದೆ.

ಇಲ್ಲಿ ಪಾಳಿಯಲ್ಲಿ ದುಡಿಯುವವರ ಪರವಾಗಿ ಒಂದು ಮಾತು. ಲಗ್ಗೆರೆ, ಹೆಗ್ಗನಹಳ್ಳಿಯ ಒಂಟಿ ಕೋಣೆಗಳಲ್ಲಿರುವ ಪೀಣ್ಯದ ಕಾರ್ಖಾನೆ ಕೆಲಸಗಾರರು ಮೊದಲ ಪಾಳಿಗೆ ಆಟೋ ಬರುವ ಮುಂಚೆಯೇ ಹೊರಟಿರುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯ ಪಿಜಿಗಳಲ್ಲಿ ರಾತ್ರಿ ಪಾಳಿ ಮುಗಿಸಿದವರು ಆಗಷ್ಟೇ ಮಲಗಿರುತ್ತಾರೆ. ಚೀಲವನ್ನು ಬೈಕಿಗೆ ನೇತುಹಾಕಿ ದಾರಿಯಲ್ಲಿ ಎಸೆಯುವುದು ತಪ್ಪೇ. ಆದರೆ ಸಂಜೆ ಒಂದು ಸುತ್ತು ಆಟೋ ಬಂದರೆ, ಇಲ್ಲವೇ ಬೀದಿಗೊಂದು ಕಸ ಕೊಡುವ ಜಾಗ ಇದ್ದರೆ, ಹೀಗೆ ಬೀದಿ ಬದಿಯಲ್ಲಿ ಕಸ ಬೀಳುವ ‘ಬ್ಲ್ಯಾಕ್ ಸ್ಪಾಟ್’ಗಳಲ್ಲಿ ಬಹುಪಾಲು ತಾವಾಗಿ ಅಳಿಯುತ್ತವೆ. ದಂಡಕ್ಕಿಂತ ಮೊದಲು ಆಗಬೇಕಾದ ಕೆಲಸ ಅದು.

ನಗರ ಕಸಕ್ಕೆ ಮಾಡುವ ವೆಚ್ಚ ವರ್ಷಕ್ಕೆ ಸಾವಿರ ಕೋಟಿ ರೂಪಾಯಿ ದಾಟಿದೆ, ಕಿಲೋಗೆ ಐದು ರೂಪಾಯಿಗೂ ಹೆಚ್ಚು. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕವೂ ಸೇರಿದೆ. ಹತ್ತು ಲಕ್ಷ ಮನೆಗಳು ತಮ್ಮ ಹಸಿ ಕಸವನ್ನು ತಮ್ಮಲ್ಲೇ ಗೊಬ್ಬರ ಮಾಡಿಕೊಂಡರೆ ದಿನಕ್ಕೆ 600 ಟನ್ ರಸ್ತೆಗೆ ಬರುವುದೇ ಇಲ್ಲ. ಬಿಡದಿಯ ಘಟಕ ಉರಿಸುವ ತೂಕ ಅಷ್ಟೇ. ವ್ಯತ್ಯಾಸವೆಂದರೆ ಇದಕ್ಕೆ ಚಿಮಣಿ ಬೇಡ, ಇನ್ನೊಂದು ಮಂಡೂರೂ ಬೇಡ.

ನಿಮ್ಮ ಅಪಾರ್ಟ್‌ಮೆಂಟ್ ಸಂಘದ ಮುಂದಿನ ಸಭೆಯ ನೋಟಿಸ್ ಬಂದಾಗ ಕಾರ್ಯಸೂಚಿಯಲ್ಲಿ ಎರಡು ವಿಷಯ ಸೇರಿಸಲು ಕೇಳಿ: ನಮ್ಮ ಗೇಟಿನಿಂದ ದಿನಕ್ಕೆ ಎಷ್ಟು ಕಿಲೋ ಹೊರಗೆ ಹೋಗುತ್ತಿದೆ, ಮತ್ತು ಗೊಬ್ಬರಕ್ಕೆ ಎಷ್ಟು ಚದರ ಅಡಿ ಜಾಗ ಕೊಡುತ್ತೇವೆ. ಸ್ವಂತ ಮನೆಯವರು ನಾಳೆ ಬೆಳಗ್ಗೆ ಹಸಿ ಕಸವನ್ನು ತೂಕದ ತಕ್ಕಡಿಯ ಮೇಲಿಟ್ಟು ನೋಡಿ. ನಾಲ್ಕು ಜನರ ಮನೆಯಾದರೆ ಸುಮಾರು ಆರುನೂರು ಗ್ರಾಂ ಇರುತ್ತದೆ. ಅದಕ್ಕೆ ಒಂದು ಮಡಕೆ ಸಾಕು.